ಟ್ರೇಲರ್‌ಗೆ ಇಬ್ಬರು ಬೇಕು

ಪೊಕಟೆಲೊ, ಐಡಹೊ
ಏಪ್ರಿಲ್ ೯

ಪ್ರಿಯ ಹಾರ್ಲನ್ ಅವರಿಗೆ,

ಈ ಕಾಗದದ ಎರಡನೆಯ ಪುಟವನ್ನು ನಾನು ಬರೆಯದೇ ಬಿಡುವುದರಲ್ಲಿದ್ದೆ. ಮೊದಲ ಪುಟ ನಿನ್ನೆಯೇ ಮುಗಿದಿತ್ತು. ಅದರಲ್ಲಿದ್ದದ್ದು ಇಷ್ಟೇ: ಪಿಕಪ್ಪಿನ ಮೇಲೆ ಕೂರಿಸುವ ನಿಮ್ಮ ಹಳೆಯ ಗಾಡಿಮನೆಯನ್ನು, ಆ ಕ್ಯಾಂಪರನ್ನು, ನಮಗೆ ಕೊಡುತ್ತೇನೆಂದು ನಿಮ್ಮ ನೆರೆಮನೆಯ ಮಾರ್ಲೀನ್ ಮೂಲಕ ಹೇಳಿ ಕಳಿಸಿದ್ದಕ್ಕೆ ವಂದನೆ; ನಮಗೆ ಅದು ಬೇಡ; ನೀವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಲೋರೆನ್ ಅದನ್ನು ಓದಿ, "ಸರಿಯಾಗಿದೆ, ಹಾಕು ಅಂಚೆಗೆ," ಅಂದ. ಲಕೋಟೆಗೆ ಅಂಟು ಹಚ್ಚುವಾಗ ನೀವು ಅದನ್ನು ಓದುತ್ತಾ ನಿಂತಿರುವುದು ಕಣ್ಣಿಗೆ ಬಂತು. ಆರು ವರ್ಷಗಳ ಮೇಲೆ ನೀವಾಗಿಯೇ ಮಗನ ಕಡೆಗೆ ಕೈ ಚಾಚಿದ್ದೀರಿ. ಹಳೆಯದೆಂದು ಬೇಡ ಅಂದರು ಎಂದೋ, ಸಿಟ್ಟು ಇನ್ನೂ ಇಳಿದಿಲ್ಲ ಎಂದೋ ತಿಳಿದುಕೊಳ್ಳುತ್ತೀರಿ. ಎರಡೂ ಅಲ್ಲ.

ಲೋರೆನ್‌ಗೆ ಆ ಕ್ಯಾಂಪರ್ ಹತ್ತಲು ಆಗುವುದಿಲ್ಲ.

ಚಳಿಗಾಲದ ಮೊದಲಲ್ಲಿ ನಡೆಯುವಾಗ ಅವನ ಎಡಪಾದ ಜೋಲತೊಡಗಿತು. ವಿದ್ಯುತ್ ಕಂಬ ಹತ್ತುವ ಕೆಲಸ, ಎಲ್ಲೋ ನರ ಉಳುಕಿರಬೇಕು ಎಂದುಕೊಂಡೆವು. ಫೆಬ್ರವರಿಯಲ್ಲಿ ವೈದ್ಯರು ಕಾಯಿಲೆಯ ಹೆಸರು ಹೇಳಿದರು. ಹೆಸರು ಉದ್ದ, ಅರ್ಥ ಸಣ್ಣದು. ಮೈಯ ಸ್ನಾಯುಗಳು ಒಂದೊಂದಾಗಿ ಮಾತು ಕೇಳುವುದನ್ನು ಬಿಡುತ್ತವೆ; ಕಾಲು, ಕೈ, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಎಚ್ಚರವಾಗಿ ಕೂತು ಎಲ್ಲವನ್ನೂ ನೋಡುತ್ತಿರುತ್ತದೆ. ಮದ್ದಿಲ್ಲ. ಎಷ್ಟು ಕಾಲ ಎಂದು ಕೇಳಿದ್ದಕ್ಕೆ, ಮಾಡಬೇಕೆಂದುಕೊಂಡ ಪ್ರಯಾಣವನ್ನು ಮುಂದೂಡಬೇಡಿ ಎಂದರು.

ಅವನಿಗೆ ಮಾಡಬೇಕೆನಿಸಿದ ಪ್ರಯಾಣ ಒಂದೇ. ಸ್ಯಾಮನ್ ಹೊಳೆಯ ಗುಂಟ, ಚಿಕ್ಕಂದಿನಲ್ಲಿ ನೀವು, ಅವನ ಅಮ್ಮ ಓಪಲ್, ಅವನು ಮೂವರೂ ಇಳಿದುಕೊಳ್ಳುತ್ತಿದ್ದ ಜಾಗಗಳಲ್ಲಿ ತಂಗುತ್ತಾ ಹೋಗುವುದು. ನಿಮ್ಮ ಮನೆ ಆ ದಾರಿಯಲ್ಲೇ ಇದೆ ಎಂಬ ಮಾತನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಅದಕ್ಕೇ ಈ ಹುಡುಕಾಟ. ಅವನಿಗೆ ಬೇಕಾದದ್ದು ಪಿಕಪ್ಪಿನ ಬೆನ್ನ ಮೇಲೆ ಕೂರುವ ಕ್ಯಾಂಪರ್. ನಿಮ್ಮದರ ಹಾಗೆ ಚಾಲಕನ ತಲೆಯ ಮೇಲೆ ಕೊಕ್ಕು ಚಾಚಿಕೊಂಡು, ಅದರೊಳಗೆ ಹಾಸಿಗೆ ಇರುವಂಥದ್ದು. ನಾನು ಹೇಳುತ್ತಿರುವುದು ಹಿಂದೆ ಕಟ್ಟಿ ಎಳೆಯುವ ಪುಟ್ಟ ಟ್ರೇಲರ್. ಅದು ನೆಲಕ್ಕೆ ಹತ್ತಿರ, ಒಂದೇ ಮೆಟ್ಟಿಲು. ಟ್ರೇಲರ್ ಎಂದರೆ ಅವನು ಮುಖ ತಿರುಗಿಸುತ್ತಾನೆ. "ಮನೆ ಎಳ್ಕೊಂಡು ಓಡಾಡೋದು ಬಸವನಹುಳಕ್ಕೆ ಇರ್ಲಿ," ಎನ್ನುತ್ತಾನೆ.

ಹೋದ ಶನಿವಾರ ಮಾರುವವರ ಅಂಗಳಕ್ಕೆ ಹೋಗಿದ್ದೆವು. ಕ್ಯಾಂಪರಿನ ಮೆಟ್ಟಿಲು, ನಿಮಗೆ ಗೊತ್ತು, ಏಣಿಯೇ. ಎರಡನೆಯದಕ್ಕೆ ಎಡಪಾದ ತಗುಲಿಕೊಂಡು ನಿಂತುಬಿಟ್ಟಿತು. ಮಾರಾಟದವನು ನಗುತ್ತಾ, "ಬೆಳಿಗ್ಗೆನೇ ಶುರು ಹಚ್ಕೊಂಡ್ರಾ ಸಾರ್?" ಅಂದ. "ನಾನಲ್ಲ, ಎಡಗಾಲು. ಅದು ಮೊದಲಿಂದ್ಲೂ ಕುಡುಕ," ಎಂದ ಲೋರೆನ್. ಇಬ್ಬರೂ ನಕ್ಕರು. ನಾನು ಅವನ ಪಾದವನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟೆ. ಮನೆ ತಲುಪಿದೆವು. ಆಮೇಲೆ, "ಕ್ಯಾಂಪರ್ರೇ ತಗೊಳ್ಳೋಣ," ಅಂದ.

ನನಗೆ ಅರ್ಥವಾಗುತ್ತದೆ. ಕ್ಯಾಂಪರ್ ತೆಗೆದುಕೊಂಡರೆ ಅವನು ಇನ್ನೂ ಹತ್ತುವವನು. ಟ್ರೇಲರ್ ತೆಗೆದುಕೊಂಡರೆ, ಹತ್ತಲಾರದವನೆಂದು ಇಬ್ಬರೂ ಒಪ್ಪಿಕೊಂಡಂತೆ. ಅವನ ಒಳ್ಳೆಯದಕ್ಕೇ ನಾನು ಟ್ರೇಲರ್ ಎನ್ನುತ್ತಿದ್ದೇನೋ, ಇಲ್ಲ ನನ್ನ ಹೆದರಿಕೆಯನ್ನು ಬುದ್ಧಿವಂತಿಕೆ ಎಂದು ಕರೆದುಕೊಳ್ಳುತ್ತಿದ್ದೇನೋ, ನನಗೇ ಖಚಿತವಿಲ್ಲ.

ನಿಮಗೆ ತಿಳಿಸಬಾರದೆಂದು ಅವನು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. "ಅಮ್ಮನ ಕಾಯಿಲೆ ವಿಷಯ ನನಗೆ ಯಾರು ಹೇಳಿದ್ರು?" ಎಂದು ಕೇಳಿದ. ಆ ಮಾತನ್ನು ನಾನು ಮುರಿದಿದ್ದೇನೆ. ದಯವಿಟ್ಟು ಈಗಲೇ ಹೊರಟು ಬರಬೇಡಿ. ಉತ್ತರ ಬರೆಯುವುದಾದರೆ ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಕಚೇರಿಗೆ ಬರೆಯಿರಿ. ನಿಮಗೆ ಕಿವಿ ಕೇಳಿಸುವ ಹಾಗಿದ್ದರೆ ಫೋನ್ ಮಾಡಬಹುದಿತ್ತು. ಕೇಳಿಸದಿರುವುದೇ ಒಳ್ಳೆಯದಾಯಿತೇನೋ. ಇದನ್ನು ನಾನು ಬಾಯಲ್ಲಿ ಹೇಳಲಾರೆ.

ನಿಮ್ಮ,
ಜನೆಲ್


ನಾರ್ತ್ ಫೋರ್ಕ್
ಏಪ್ರಿಲ್ ೨೧

ಜನೆಲ್,

ಕಾಗದ ಸಿಕ್ಕಿತು.

ಕ್ಯಾಂಪರ್ ಶೆಡ್ಡಿನಲ್ಲಿ ನಾಲ್ಕು ಕಾಲ ಮೇಲೆ ನಿಂತಿದೆ. ಸೋರುವುದಿಲ್ಲ. ಲೋರೆನ್ ಎರಡನೇ ತರಗತಿಯಲ್ಲಿದ್ದಾಗ ಓಪಲ್ ಮತ್ತು ನಾನು ಸೇರಿ ಕಟ್ಟಿದ್ದು. ಒಳಗೆ ಮರದ ಚೌಕಟ್ಟು, ಹೊರಗೆ ತಗಡು. ಕೊಕ್ಕಿನಲ್ಲಿ ಮಲಗುತ್ತಿದ್ದದ್ದು ಅವನೇ. ನಾವಿಬ್ಬರು ಕೆಳಗೆ ಬೆಂಚುಗಳ ಮೇಲೆ. ಕೊಕ್ಕಿನ ತುದಿಗೆ ಕಿಟಕಿ ಬೇಕು ಎಂದು ಹಟ ಹಿಡಿದ. ಕಿಟಕಿ ಇಟ್ಟರೆ ನೀರು ಬರುತ್ತದೆ ಎಂದೆ. ಓಪಲ್ ಇಟ್ಟಳು. ನೀರು ಬರಲಿಲ್ಲ.

ಟ್ರೇಲರ್ ನನಗೂ ಹಿಡಿಸದು. ಹಿಂದಕ್ಕೆ ಬಿಡುವಾಗ ಬಾಲ ಎಡಕ್ಕೆ ಹೋಗಬೇಕೆಂದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಎಷ್ಟೋ ಮದುವೆಗಳು ಕ್ಯಾಂಪಿನ ಮೈದಾನದಲ್ಲೇ ಮುರಿದದ್ದು ನೋಡಿದ್ದೇನೆ. ಕ್ಯಾಂಪರ್ ಒಬ್ಬನಿಗೆ ಸಾಕು. ಟ್ರೇಲರ್‌ಗೆ ಇಬ್ಬರು ಬೇಕು. ಓಡಿಸುವುದಕ್ಕೊಬ್ಬರು, ಹಿಂದೆ ನಿಂತು ದಾರಿ ತೋರಿಸುವುದಕ್ಕೊಬ್ಬರು.

ಹೊಳೆ ಏರಿದೆ. ಮಣ್ಣಿನ ಬಣ್ಣ.

ನಾನೇ ಒಣಗಿಸಿದ ಎಲ್ಕ್ ಜಿಂಕೆಯ ಮಾಂಸ ಕಳಿಸಿದ್ದೇನೆ. ಅಂಗಡಿಯದು ಎಂದು ಹೇಳು.

ಹಾರ್ಲನ್

ಎಡಗಾಲು ಎಂದು ಬರೆದಿದ್ದೀಯ. ಅವನು ಮೊದಲ ಹೆಜ್ಜೆ ಇಟ್ಟದ್ದು ಆ ಕಾಲಿನಿಂದಲೇ. ನಮ್ಮ ಅಡುಗೆಮನೆಯಲ್ಲಿ, ಒಲೆಯ ಕಡೆಯಿಂದ ಮೇಜಿನ ಕಡೆಗೆ.


ಪೊಕಟೆಲೊ
ಮೇ ೮

ಪ್ರಿಯ ಹಾರ್ಲನ್ ಅವರಿಗೆ,

ಮಾಂಸದ ಪೊಟ್ಟಣ ತಲುಪಿತು. ಲೋರೆನ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ಯಾವ ಅಂಗಡಿದು?" ಎಂದು ಕೇಳಿದ. ಪೇಟೆಯ ಒಂದು ಅಂಗಡಿಯ ಹೆಸರು ಹೇಳಿದೆ. "ಒಳ್ಳೆ ಅಂಗಡಿ," ಎಂದು ಇನ್ನೊಂದು ತುಂಡು ತೆಗೆದುಕೊಂಡ. ಮತ್ತೇನೂ ಕೇಳಲಿಲ್ಲ. ಅವನಿಗೆ ಗೊತ್ತಾಯಿತೇ? ಗೊತ್ತಾಗಿದ್ದರೆ ಸುಮ್ಮನೆ ಇದ್ದದ್ದು ಏಕೆ? ನಿಮ್ಮ ಮನೆಯವರ ಮೌನಗಳಲ್ಲಿ ಎಷ್ಟು ಬಗೆಗಳಿವೆ ಎಂಬುದನ್ನು ಇಷ್ಟು ವರ್ಷ ಜೊತೆಗಿದ್ದೂ ನಾನು ಕಲಿತಿಲ್ಲ.

ಈಗ ಬಲಗೈ ಕೂಡ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ. ಕೌಬಾಯ್‌ಗಳು ತೊಡುವಂಥ, ಒತ್ತಿದರೆ ಕೂರುವ ಗುಂಡಿಗಳ ಅಂಗಿ ತಂದುಕೊಟ್ಟೆ. "ಕಂಬ ಹತ್ತೋನನ್ನ ಕಡೆಗೂ ಕೌಬಾಯ್ ಮಾಡಿಬಿಟ್ಟೆ," ಅಂದ. ತಮಾಷೆ ಮಾಡುವಾಗ ಅವನ ಕಣ್ಣು ನನ್ನ ಮುಖದ ಮೇಲಿರುತ್ತದೆ, ನಾನು ನಗುತ್ತೇನೋ ಇಲ್ಲವೋ ಎಂದು. ನಗುತ್ತೇನೆ.

ಟ್ರೇಲರ್‌ಗೆ ಇಬ್ಬರು ಬೇಕು ಎಂದು ನೀವು ಅದರ ದೋಷವಾಗಿ ಬರೆದಿರಿ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಕ್ಯಾಂಪರ್ ಆದರೆ ನಾನು ಓಡಿಸುತ್ತೇನೆ; ಅವನು ಪಕ್ಕದಲ್ಲಿ ಕಟ್ಟಿಟ್ಟ ಸಾಮಾನಿನಂತೆ ಕೂತಿರುತ್ತಾನೆ. ಟ್ರೇಲರ್ ಆದರೆ ಅವನಿಲ್ಲದೆ ನಾನು ಗಾಡಿ ನಿಲ್ಲಿಸಲಾರೆ. ಹಾಗೆಂದು ಹೇಳಿದರೆ ಅವನಿಗೆ ಕರುಣೆಯ ವಾಸನೆ ಹೊಡೆಯುತ್ತದೆ. ಅದಕ್ಕೆ ಬೇರೇನೋ ಯೋಚಿಸಿದ್ದೇನೆ. ಎದುರು ಮನೆಯವರ ಟ್ರೇಲರ್ ಎರವಲು ಕೇಳಿದ್ದೇನೆ. ಹೈಸ್ಕೂಲಿನ ಖಾಲಿ ಅಂಗಳಕ್ಕೆ ಒಯ್ದು ಹಿಂದಕ್ಕೆ ಬಿಡಲು ಕಲಿಯುತ್ತೇನೆ, ಹೇಗೂ ಕೆಟ್ಟದಾಗಿ ಬಿಡುತ್ತೇನೆ. ನಾನು ಕೆಟ್ಟದಾಗಿ ಮಾಡುವುದನ್ನು ನೋಡಿ ಸುಮ್ಮನೆ ಕೂರುವುದು ಅವನಿಂದಾಗದು.

ಒಂದು ವಿಷಯ ಕೇಳಲೇ? ಬೇಡವೆನಿಸಿದರೆ ಉತ್ತರಿಸಬೇಡಿ. ಓಪಲ್ ಕಾಯಿಲೆ ಬಿದ್ದದ್ದನ್ನು ಅವನಿಗೆ ಏಕೆ ತಿಳಿಸಲಿಲ್ಲ? "ಅಂತ್ಯಕ್ರಿಯೆಗೆ ಬಾ ಅನ್ನೋಕೆ ಮಾತ್ರ ನಾನು ನೆನಪಾದೆ ಅವನಿಗೆ," ಎನ್ನುತ್ತಾನೆ. ಆರು ವರ್ಷಗಳಿಂದ ಅದೇ ಒಂದು ವಾಕ್ಯ. ನನಗೆ ಈಗ ಅದರ ಇನ್ನೊಂದು ಬದಿ ತಿಳಿಯಬೇಕಾಗಿದೆ. ಏಕೆಂದರೆ ನಾನೂ ಅದೇ ಜಾಗದಲ್ಲಿ ನಿಂತಿದ್ದೇನೆ.

ನಿಮ್ಮ,
ಜನೆಲ್


ನಾರ್ತ್ ಫೋರ್ಕ್
ಮೇ ೨೫

ಜನೆಲ್,

ಬರೆದು ಹರಿದು, ಮತ್ತೆ ಬರೆದೆ.

ಹೇಳಬೇಡ ಎಂದದ್ದು ಓಪಲ್. ಆ ವರ್ಷವೆಲ್ಲ ಮಗ ಫೋನ್ ಮಾಡಿದಾಗ ಚೆನ್ನಾಗಿದ್ದೇನೆ ಅನ್ನುತ್ತಿದ್ದಳು. ಬೇಸಿಗೆಯ ಕೊನೆಗೆ ಅವನು ದಕ್ಷಿಣಕ್ಕೆ, ಚಂಡಮಾರುತ ಬಡಿದ ಊರುಗಳಲ್ಲಿ ತಂತಿ ಎಳೆಯಲು ಹೋದ. ಈಗಲಾದರೂ ಹೇಳೋಣ ಅಂದೆ. "ಅಲ್ಲಿ ಜನ ಕತ್ತಲಲ್ಲಿ ಕೂತಿದಾರೆ. ಅವರ ದೀಪ ಹಚ್ಚಿ ಬರ್ಲಿ, ಆಮೇಲೆ ಹೇಳು," ಅಂದಳು. ಆ 'ಆಮೇಲೆ' ಬರಲೇ ಇಲ್ಲ.

ನಾನು ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಂಡೆ. ಮಗ ದೂರವಾದ. ನೀನು ಗಂಡನಿಗೆ ಕೊಟ್ಟ ಮಾತು ಮುರಿದೆ. ಯಾರದು ಸರಿ ಎಂದು ನನ್ನನ್ನು ಕೇಳಬೇಡ.

ಟ್ರೇಲರ್ ಹಿಂದಕ್ಕೆ ಬಿಡುವುದು. ಕೂಗಬಾರದು. ಗರಗಸದ ಸದ್ದಿಗೆ ನನ್ನ ಕಿವಿ ಬೇಗ ಹೋಯಿತು, ಹಾಗಾಗಿ ನಮ್ಮ ಮನೆಯಲ್ಲಿ ಕೂಗುವ ಪದ್ಧತಿಯೇ ಇರಲಿಲ್ಲ. ದೋಣಿಯ ಗಾಡಿಯನ್ನು ಹೊಳೆಗೆ ಇಳಿಸುವಾಗ ಓಪಲ್ ಹಿಂದೆ ನಿಂತು ಟೋಪಿ ಹಿಡಿಯುತ್ತಿದ್ದಳು. ಟೋಪಿ ಎಡಕ್ಕೆ ಚಾಚಿದರೆ ಬಾಲ ಎಡಕ್ಕೆ. ಬಲಕ್ಕೆ ಚಾಚಿದರೆ ಬಲಕ್ಕೆ. ತಲೆಯ ಮೇಲೆ ಎತ್ತಿದರೆ ನೇರ ಬಾ. ಎದೆಗೆ ಒತ್ತಿಕೊಂಡರೆ ನಿಲ್ಲು. ಅವಳು ಬಿಟ್ಟ ಮೇಲೆ ಲೋರೆನ್ ಹಿಡಿಯುತ್ತಿದ್ದ. ಒಂದೇ ನಿಯಮ. ಹಿಂದೆ ನಿಂತವರು ಕನ್ನಡಿಯಲ್ಲಿ ಕಾಣಬೇಕು. ಕಾಣಿಸದಿದ್ದರೆ ಗಾಡಿ ನಿಲ್ಲಿಸು. ಅಂದಾಜಿನ ಮೇಲೆ ಹೋಗಬೇಡ.

ಎಷ್ಟು ಎತ್ತರದ ಮೆಟ್ಟಿಲು ಏರಬಲ್ಲ ಎಂದು ಅವನನ್ನು ಕೇಳಬೇಡ. ಸುಳ್ಳು ಹೇಳುತ್ತಾನೆ. ಬಾಗಿಲಲ್ಲಿ ಹಲಗೆಗಳನ್ನು ಒಂದರ ಮೇಲೊಂದು 'ಮರೆತು' ಇಡು. ಎಲ್ಲಿಯವರೆಗೆ ಕಾಲು ಏರುತ್ತದೆ ನೋಡು. ಅಷ್ಟು ಉದ್ದದ ದಾರ ಕತ್ತರಿಸಿ ನನಗೆ ಕಳಿಸು.

ಓಪಲ್ ಇದ್ದಿದ್ದರೆ 'ಹಾರ್ಲನ್ ಅವರಿಗೆ' ಎಂದು ಬರೆಯಲು ನಿನ್ನನ್ನು ಬಿಡುತ್ತಿರಲಿಲ್ಲ.

ಹಾರ್ಲನ್


ಪೊಕಟೆಲೊ
ಜೂನ್ ೧೬

ಪ್ರಿಯ ಹಾರ್ಲನ್,

ದಾರ ಇದರೊಂದಿಗಿದೆ. ಇಷ್ಟು ಚಿಕ್ಕದು ಎಂದು ಬೇಸರಪಡಬೇಡಿ. ಕತ್ತರಿಸುವಾಗ ನನಗೂ ಕೈ ಬರಲಿಲ್ಲ. ಸ್ವಲ್ಪ ಉದ್ದಕ್ಕೇ ಕತ್ತರಿಸಿ, ಮತ್ತೆ ಸರಿಯಾದ ಅಳತೆಗೆ ತಂದೆ.

ಭಾನುವಾರ ಶಾಲೆಯ ಅಂಗಳಕ್ಕೆ ಹೋಗಿದ್ದೆವು. ಲೋರೆನ್ ಮಡಚುವ ಕುರ್ಚಿಯಲ್ಲಿ ನೆರಳಿಗೆ ಕೂತ. ನಾನು ಟ್ರೇಲರನ್ನು ಎರಡು ಬಿಳಿ ಗೆರೆಗಳ ನಡುವೆ ನಿಲ್ಲಿಸಬೇಕು. ಕೆಟ್ಟದಾಗಿ ಬಿಡುವ ನಾಟಕವಾಡಬೇಕೆಂದಿದ್ದೆ. ನಾಟಕದ ಅಗತ್ಯವೇ ಬೀಳಲಿಲ್ಲ. ಟ್ರೇಲರ್ ಮಡಚಿಕೊಂಡು ಪಿಕಪ್ಪಿನ ಪಕ್ಕೆಗೆ ಬಂದು ನಿಂತಿತು. ನಾಯಿ ಅಡ್ಡಾಡಿಸಲು ಬಂದ ಒಬ್ಬಾಕೆ ನಿಂತು ನೋಡಿ, "ಗಂಡನ್ನ ಕೂರಿಸಿ ನೀವೇ ಕಷ್ಟಪಡ್ತಿದೀರಲ್ಲ," ಎಂದಳು. "ಗಂಡ ಹಾಗೇ ಕಲಿಸೋದು ಅಮ್ಮಾ," ಅಂದ ಲೋರೆನ್. ಆಕೆ ಹೋದ ಮೇಲೆ ಬೇಸ್‌ಬಾಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕನ್ನಡಿಯಲ್ಲಿ ನೋಡಿದೆ. ಟೋಪಿ ಎಡಕ್ಕೆ ಚಾಚಿತ್ತು. ನನಗೆ ತಿಳಿದಿದೆ ಎಂದು ತೋರಿಸಿಕೊಳ್ಳುವ ಹಾಗಿರಲಿಲ್ಲ. ಕಿಟಕಿಯಿಂದ ತಲೆ ಹಾಕಿ, ಅದೇನು ಟೋಪಿ ಎಂದು ಕೇಳಿದೆ. "ಅಮ್ಮ ಹೀಗೆ ಹಿಡೀತಿದ್ಲು," ಎಂದ. ಟೋಪಿಯನ್ನು ನೋಡುತ್ತಾ, "ಅಪ್ಪನಿಗೆ," ಎಂದ. ನಂತರ ಸಿಟ್ಟಿನಿಂದ, "ಕನ್ನಡಿ ನೋಡೇ, ನನ್ನ ಮುಖ ನೋಡಿದ್ರೆ ಗಾಡಿ ಹೋಗುತ್ತಾ?" ಎಂದು ಗದರಿಸಿದ. ಎಷ್ಟೋ ತಿಂಗಳ ಮೇಲೆ ಅವನು ನನ್ನನ್ನು ಗದರಿಸಿದ್ದು. ಸಂತೋಷವಾಯಿತು.

ಸಂಜೆಯ ಹೊತ್ತಿಗೆ ಗೆರೆಗಳ ನಡುವೆ ನಿಲ್ಲಿಸಿದೆ. ದಾರಿಯಲ್ಲಿ ಅವನಾಗಿಯೇ, "ಟ್ರೇಲರ್ರೇ ನೋಡೋಣ. ನಿನ್ನನ್ನ ಒಬ್ಬಳೇ ಬಿಟ್ರೆ ಯಾರನ್ನಾದ್ರೂ ಕೊಲ್ತೀಯ," ಎಂದ.

ಆದರೆ ಈ ದಾರದಷ್ಟು ತಗ್ಗಿನ ಟ್ರೇಲರ್ ಎಲ್ಲೂ ಸಿಗುತ್ತಿಲ್ಲ. ಹೇಳಿ ಮಾಡಿಸಿದರೆ ವಸಂತಕ್ಕೆ ಕೊಡುತ್ತಾರಂತೆ. ವಸಂತ ಎಂಬ ಮಾತು ಕೇಳಿ ಇಬ್ಬರೂ ಅಲ್ಲಿಂದ ಎದ್ದು ಬಂದೆವು.

ನಿಮ್ಮ,
ಜನೆಲ್


ನಾರ್ತ್ ಫೋರ್ಕ್
ಜುಲೈ ೧೨

ಜನೆಲ್,

ಟ್ರೇಲರ್ ಕೊಳ್ಳಬೇಡಿ.

ಕ್ಯಾಂಪರನ್ನು ಅದರ ಕಾಲುಗಳಿಂದ ಇಳಿಸಿದೆ. ಕೊಕ್ಕನ್ನು ಕತ್ತರಿಸಿದೆ. ಕೊಕ್ಕು ಇದ್ದರೆ ಅದು ಪಿಕಪ್ಪಿನ ಮೇಲೆ ಬಿಟ್ಟು ಬೇರೆಲ್ಲೂ ಕೂರುವುದಿಲ್ಲ. ಉಳಿದ ಪೆಟ್ಟಿಗೆಯನ್ನು ದೋಣಿಯ ಗಾಡಿಯ ಮೇಲೆ ಬಿಗಿದೆ. ನಮ್ಮ ದೋಣಿಯ ಗಾಡಿ ನೀರಿಗೆ ಇಳಿಯುವಂಥದ್ದು, ಬಹಳ ತಗ್ಗು. ಬಾಗಿಲ ಹೊಸ್ತಿಲಿಗೆ ನಿನ್ನ ದಾರ ಹಿಡಿದು ನೋಡಿದೆ. ಸರಿಯಾಗಿದೆ.

ಒಳಗೆ ಕೆಳಗೇ ಒಂದು ಹಾಸಿಗೆ ಮಾಡಿದ್ದೇನೆ. ಕೊಕ್ಕಿನ ಕಿಟಕಿಯನ್ನು ತೆಗೆದು ಅದರ ತಲೆಯ ಹತ್ತಿರ ಕೂರಿಸಿದೆ. ಈ ಸಲ ಸೋರುತ್ತದೆ ಎನ್ನಲಿಲ್ಲ.

ನೋಡಲು ಚೆನ್ನಾಗಿಲ್ಲ. ನಿಧಾನಕ್ಕೆ ಹೋದರೆ ಕರುವಿನ ಹಾಗೆ ಹಿಂದೆ ಬರುತ್ತದೆ.

ಬನ್ನಿ ಎನ್ನುವುದಿಲ್ಲ. ಗೇಟು ತೆಗೆದಿಟ್ಟಿದ್ದೇನೆ.

ಹಾರ್ಲನ್


ಪೊಕಟೆಲೊ
ಆಗಸ್ಟ್ ೩

ಪ್ರಿಯ ಹಾರ್ಲನ್,

ಅವನಿಗೆ ಹೇಳಿದೆ. ಎಲ್ಲವನ್ನೂ, ಏಪ್ರಿಲ್‌ನಿಂದ.

ಸಿಟ್ಟಾದ. ಈಗ ಅವನ ಮಾತು ಎಳೆದೆಳೆದು ಬರುತ್ತದೆ, ಹಾಗಾಗಿ ಸಿಟ್ಟೂ ನಿಧಾನವಾಗಿ ಬಂತು. ಒಂದೊಂದು ಪದಕ್ಕೂ ನಾನು ಕಾಯಬೇಕಾಯಿತು. "ನಿನ್ನನ್ನ ನಂಬಿದ್ದೆ," ಎಂದ. ನಂಬಿದ್ದು ತಪ್ಪಾಯಿತು ಎನ್ನಲಿಲ್ಲ. ಅಷ್ಟನ್ನೇ ಹಿಡಿದುಕೊಂಡೆ. ಆಮೇಲೆ ಗೋಡೆಯ ಕಡೆ ತಿರುಗಿದ. ಊಟಕ್ಕೆ ಕರೆದರೆ ಬಂದ.

ಮಾರನೆಯ ದಿನ ಮಧ್ಯಾಹ್ನ ನಾನು ಪಾತ್ರೆ ತೊಳೆಯುತ್ತಿದ್ದೆ. ಹಿಂದಿನಿಂದ, "ಕೊಕ್ಕು ಕತ್ತರಿಸಿದ್ನಾ?" ಎಂದ. ಹೌದೆಂದೆ. "ಅವನೇ?" ಹೌದೆಂದೆ. ಪಾತ್ರೆಗಳೆಲ್ಲ ತೊಳೆದಾದ ಮೇಲೆ, "ಯಾವ ಗರಗಸದಲ್ಲಿ?" ಎಂದು ಕೇಳಿದ. ನೀವು ಅದನ್ನು ಬರೆದಿಲ್ಲ ಎಂದೆ. "ಕೈಗರಗಸದಲ್ಲೇ ಇರ್ಬೇಕು. ಅದಕ್ಕೆ ಮಿಷಿನ್ ಹಚ್ಚಿರಲ್ಲ ಅವನು." ಆಮೇಲೆ ಅವನು ಅತ್ತ. ಈ ಕಾಯಿಲೆಯಲ್ಲಿ ಅಳು ಸುಮ್ಮನೆಯೂ ಬರುತ್ತದಂತೆ, ವೈದ್ಯರು ಹೇಳಿದ್ದರು. ಇದು ಅದಲ್ಲ.

ಬರುತ್ತೇವೆಂದು ಬರೆಯಲು ಹೇಳಿದ್ದಾನೆ. ಆದರೆ ಇಲ್ಲಿ ಆಗಲೇ ಕಾಡಿನ ಬೆಂಕಿಯ ಹೊಗೆ ಬಂದು ಕೂತಿದೆ. ಅವನ ಎದೆ ತಡೆಯುವುದಿಲ್ಲ. ಪ್ರತಿ ವರ್ಷದಂತೆ ಸೆಪ್ಟೆಂಬರ್ ಮಳೆಗೆ ಹೊಗೆ ಇಳಿಯಲಿ, ಆಮೇಲೆ ಹೊರಡೋಣ ಎಂದುಕೊಂಡಿದ್ದೇವೆ. ಆಮೇಲೆ ಎಂದು ಬರೆದು ನನ್ನ ಕೈ ನಿಂತಿತು. ನಿಮ್ಮ ಮೇ ತಿಂಗಳ ಕಾಗದ ನೆನಪಾಯಿತು.

ನಿಮ್ಮ,
ಜನೆಲ್


ನಾರ್ತ್ ಫೋರ್ಕ್
ಸೆಪ್ಟೆಂಬರ್ ೪

ಜನೆಲ್,

ಹೊಗೆ ಇಳಿದಿಲ್ಲ. ಹೊಳೆಯ ಗುಂಟದ ರಸ್ತೆಯನ್ನು ಬೆಂಕಿಗೆ ಮುಚ್ಚಿದ್ದಾರೆ. ನೀವು ಇಲ್ಲಿಗೆ ಬರುವುದು ಆಗದ ಮಾತು. ಊರು ಬಿಡುವವರಿಗೆ ಮಾತ್ರ ದಕ್ಷಿಣಕ್ಕೆ ಇಳಿಯುವ ದಾರಿ ತೆರೆದಿದ್ದಾರೆ.

ಬೇಡ ಎನ್ನಲು ನಿಮಗೆ ಸಮಯ ಸಿಗಬಾರದು. ಅದಕ್ಕೆ ಈ ಕಾಗದ ಮತ್ತು ನಾನು ಒಂದೇ ದಿನ ಹೊರಡುತ್ತಿದ್ದೇವೆ.

ಹಾರ್ಲನ್


ನಾರ್ತ್ ಫೋರ್ಕ್
ಡಿಸೆಂಬರ್ ೧

ಜನೆಲ್,

ಮನೆ ತಲುಪಿದೆ. ಹಿಮ ಬಿದ್ದಿದೆ. ಅವನನ್ನು ಮಣ್ಣು ಮಾಡಿದ ದಿನ ನೆಲ ಇನ್ನೂ ಮೆತ್ತಗಿತ್ತು, ಅದೊಂದು ಪುಣ್ಯ.

ಟ್ರೇಲರ್ ನಿನ್ನದು. ವಾಪಸು ತರಬೇಕಾಗಿಲ್ಲ.

ನಾನು ಬಂದ ದಿನ ನಿಮ್ಮ ಮನೆಯ ಓಣಿಗೆ ಹಿಂದಕ್ಕೆ ಬಿಡುವಾಗ ಕನ್ನಡಿಯಲ್ಲಿ ನೋಡಿದೆ. ಮನೆಯ ಮುಂದೆ ಕುರ್ಚಿಯಲ್ಲಿ ಅವನು. ಟೋಪಿ ಎತ್ತಿದ. ಮೊದಲು ಮೇಲಕ್ಕೆ, ಆಮೇಲೆ ಎಡಕ್ಕೆ. ತೋಳು ನೆಟ್ಟಗಿತ್ತು, ಕಂಬ ಹತ್ತುವವನ ತೋಳು. ನಿನ್ನ ಕಾಗದಗಳನ್ನು ಓದಿ ಇನ್ನೂ ಕೆಟ್ಟದ್ದು ನೋಡಬೇಕಾಗುತ್ತದೆ ಎಂದುಕೊಂಡು ಬಂದಿದ್ದೆ. ಅವತ್ತು ಅಷ್ಟು ಬಲ ಇನ್ನೂ ಇತ್ತಲ್ಲ. ಅದನ್ನು ನೆನೆದರೆ ನನಗೆ ನಿದ್ದೆ ಬರುತ್ತದೆ.

ಕಾಡಿನ ಹಕಲ್‌ಬೆರಿ ಹಣ್ಣಿನ ಜಾಮ್ ಎರಡು ಬಾಟಲಿ ಕಳಿಸಿದ್ದೇನೆ. ಅಂಗಡಿಯದಲ್ಲ.

ಹಾರ್ಲನ್


ಪೊಕಟೆಲೊ
ಏಪ್ರಿಲ್ ೨೬

ಮಾವ,

ಇದನ್ನೂ ಹೇಳದೇ ಬಿಡುವುದರಲ್ಲಿದ್ದೆ. ಚಳಿಗಾಲವೆಲ್ಲ ನಿಮಗೆ ಹವೆಯ ವಿಷಯ, ಜಾಮಿನ ವಿಷಯ ಬರೆದೆ. ಇದನ್ನು ಬರೆಯಲಿಲ್ಲ. ನಿಮಗೆ ನಿದ್ದೆ ಕೊಡುವ ಒಂದು ನೆನಪನ್ನು ಮುಟ್ಟುವ ಹಕ್ಕು ನನಗೆ ಇದೆಯೇ ಎಂದು ಕೇಳಿಕೊಂಡೆ. ಇದೆ ಎಂಬ ಉತ್ತರ ಇಂದಿಗೂ ಸಿಕ್ಕಿಲ್ಲ. ಆದರೂ ಬರೆಯುತ್ತಿದ್ದೇನೆ. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಹೇಳದೇ ಉಳಿಸಿಕೊಂಡ ಮಾತುಗಳು ಈ ಮನೆತನದಲ್ಲಿ ಸಾಕಷ್ಟಾಗಿವೆ.

ನೀವು ಬಂದ ದಿನ ನಾನೆಲ್ಲಿದ್ದೆ ಎಂದು ಆಮೇಲೆ ಕೇಳಿದಿರಿ. ಅಡುಗೆಮನೆಯಲ್ಲಿ ಎಂದು ಕಾಗದದ ಚೂರಿನ ಮೇಲೆ ಬರೆದು ತೋರಿಸಿದೆ. ಅದು ನಿಜವಲ್ಲ. ನಾನು ಅವನ ಕುರ್ಚಿಯ ಹಿಂದೆ ಮಂಡಿಯೂರಿ ಕೂತಿದ್ದೆ.

ನಿಮ್ಮ ಕಾಗದ ಅವತ್ತಿನವರೆಗೂ ಬಂದಿರಲಿಲ್ಲ. ಬೀದಿಯ ತುದಿಯಲ್ಲಿ ಕೊಕ್ಕಿಲ್ಲದ ಆ ಪೆಟ್ಟಿಗೆಯನ್ನು ಮೊದಲು ಕಂಡವನು ಲೋರೆನ್. ಆಗ ಅವನಿಗೆ ಮಾತು ನಿಂತೇ ಹೋಗಿತ್ತು. ಕಣ್ಣಿನಿಂದ ಟೋಪಿಯನ್ನು ತೋರಿಸಿದ. ಅವನ ಬೆರಳುಗಳಿಗೆ ಟೋಪಿ ಸಿಕ್ಕಿಸಿದೆ. ಬೆರಳು ಹಿಡಿದವು, ತೋಳು ಏಳಲಿಲ್ಲ. ನೀವು ಓಣಿಯ ಬಾಯಿಗೆ ಬಂದು ನಿಂತಿರಿ. ಕನ್ನಡಿಯಲ್ಲಿ ಟೋಪಿ ಕಾಣುವವರೆಗೂ ನೀವು ಒಂದಿಂಚು ಹಿಂದಕ್ಕೆ ಬಿಡುವವರಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅವನ ಮುಖ ನೋಡಿದೆ. ಆಮೇಲೆ ಕುರ್ಚಿಯ ಹಿಂದೆ ಬಗ್ಗಿ, ಅವನ ಕೆಲಸದ ದೊಡ್ಡ ಕೋಟಿನೊಳಗೆ ಕೈ ಹಾಕಿ, ಮೊಣಕೈಯನ್ನು ಮೇಲೆತ್ತಿದೆ.

ನೀವು ಕಂಡ ಬಲ ನನ್ನದು. ಕ್ಷಮಿಸಿ.

ಆದರೆ ಪೂರ್ತಿ ಹೇಳಬೇಕು. ಕುರ್ಚಿಯ ಹಿಂದಿನಿಂದ ನನಗೆ ಟ್ರೇಲರ್ ಅರ್ಧ ಮಾತ್ರ ಕಾಣುತ್ತಿತ್ತು. ಅದು ಮೇಪಲ್ ಮರಕ್ಕೆ ಬಡಿಯುತ್ತದೆ ಎನಿಸಿ, ನಾನು ತೋಳನ್ನು ಬಲಕ್ಕೆ ಒಯ್ಯಲು ಹೋದೆ. ಆಗ ನನ್ನ ಅಂಗೈಯೊಳಗೆ ಅವನ ಮೊಣಕೈ ಎಡಕ್ಕೆ ಒತ್ತಿತು. ಇಷ್ಟೇ ಇಷ್ಟು, ಹಕ್ಕಿಮರಿ ಕೈಯಲ್ಲಿ ಹೊರಳಿದ ಹಾಗೆ. ನಾನು ಬಲಕ್ಕೆಂದೆ, ಅದು ಮತ್ತೆ ಎಡಕ್ಕೆ ಒತ್ತಿತು. ಸೋತು ಎಡಕ್ಕೆ ಬಿಟ್ಟೆ. ಅವನದೇ ಸರಿ, ಬಲಕ್ಕೆ ಬಂದಿದ್ದರೆ ನೀವು ಪಕ್ಕದ ಮನೆಯ ಬೇಲಿಯೊಳಗಿರುತ್ತಿದ್ದಿರಿ. ಎತ್ತಿದ್ದು ನಾನು. ದಾರಿ ತೋರಿಸಿದ್ದು ನಿಮ್ಮ ಮಗನೇ.

ಕೊನೆಯದಕ್ಕೆ ನನ್ನ ಕೈ ಬೇಕಾಗಲಿಲ್ಲ. ನನ್ನ ಹಿಡಿತ ಸೋತಿತು, ತೋಳು ಕೆಳಗೆ ಬಂದು ಟೋಪಿ ಎದೆಯ ಮೇಲೆ ನಿಂತಿತು. ನೀವು ಗಾಡಿ ನಿಲ್ಲಿಸಿದಿರಿ. ಅದು ಬಿತ್ತೋ, ಅವನು ಇಟ್ಟನೋ, ನನಗೆ ತಿಳಿಯಲಿಲ್ಲ. ಸರಿಯಾದ ಜಾಗದಲ್ಲಿ ನಿಂತಿತ್ತು, ಅಷ್ಟೇ.

ನಂತರದ್ದು ನಿಮಗೆ ಗೊತ್ತಿದೆ. ಆ ದಾರದಷ್ಟು ಎತ್ತರವೂ ಅವನಿಗೆ ಆಗಲಿಲ್ಲ. ನೀವು ಹಲಗೆ ಹಾಸಿ ಗಾಲಿಕುರ್ಚಿಯನ್ನು ಒಳಗೆ ತಳ್ಳಿದಿರಿ. ಅಳೆದು ಕಳಿಸಿದ್ದು ಜೂನ್ ತಿಂಗಳಿನ ಮನುಷ್ಯನನ್ನು. ಟ್ರೇಲರ್ ನಮ್ಮ ಮನೆಯ ಮುಂದಿನಿಂದ ಕದಲಲೇ ಇಲ್ಲ. ಅವನು ಕಿಟಕಿಯ ಕೆಳಗೆ ಮಲಗಿರುತ್ತಿದ್ದ, ನೀವು ಎದುರು ಬೆಂಚಿನ ಮೇಲೆ ಕೂತು ಹೊಳೆಯ ತಿರುವುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದಿರಿ. ನೀವು ಒಂದನ್ನು ಬಿಟ್ಟರೆ ಅವನು ಹುಬ್ಬು ಏರಿಸುತ್ತಿದ್ದ. ನೀವು ಹಿಂದಕ್ಕೆ ಹೋಗಿ ಅದನ್ನು ಸೇರಿಸುತ್ತಿದ್ದಿರಿ. ಕಿವಿ ಕೇಳದ ನೀವು, ಮಾತು ಬಾರದ ಅವನು. ಓಪಲ್ ವಿಷಯವನ್ನು ನೀವಿಬ್ಬರೂ ಎತ್ತಲಿಲ್ಲ. ಎತ್ತಲಿ ಎಂದು ನಾನು ಬಾಗಿಲಲ್ಲಿ ಕಾದೆ. ಕಾದದ್ದು ದಡ್ಡತನ ಎಂದು ಈಗ ಅನಿಸುತ್ತದೆ. ಇರಲಿಕ್ಕೂ ಇಲ್ಲ.

ಮೇ ತಿಂಗಳ ನಡುವೆ ನಾನು ಬರುತ್ತಿದ್ದೇನೆ, ಟ್ರೇಲರ್ ಕಟ್ಟಿಕೊಂಡು. ಅವನು ಇಳಿಯಬೇಕೆಂದಿದ್ದ ಜಾಗಗಳಲ್ಲೆಲ್ಲ ಇಳಿಯುತ್ತೇನೆ. ಹಿಂದೆ ನಿಲ್ಲಲು ಯಾರೂ ಇಲ್ಲದ್ದರಿಂದ ಎಲ್ಲಿಯೂ ಹಿಂದಕ್ಕೆ ಬಿಡುವ ಹಾಗಿಲ್ಲ. ಮುಂದಿನಿಂದಲೇ ನುಗ್ಗಿ ಮುಂದಿನಿಂದಲೇ ಹೊರಡಬಹುದಾದ ಜಾಗಗಳನ್ನು ನೋಡಿಕೊಳ್ಳುತ್ತೇನೆ. ನಿಮ್ಮ ಅಂಗಳ ಹಾಗಲ್ಲ, ಇಳಿಜಾರು. ಗೇಟಿನಲ್ಲಿ ನಿಲ್ಲಿಸಿ ಅವನ ಟೋಪಿಯನ್ನು ನಿಮ್ಮ ಕೈಗೆ ಕೊಡುತ್ತೇನೆ. ನೀವು ಶೆಡ್ಡಿನ ಹತ್ತಿರ, ನನ್ನ ಕನ್ನಡಿಯಲ್ಲಿ ಕಾಣುವ ಕಡೆ ನಿಲ್ಲುತ್ತೀರಿ.

ಈ ಕಾಗದವನ್ನು ನಿಮ್ಮ ಕೈಗೆ ಕೊಡಲಾರೆ. ನೀವು ಓದುವಾಗ ನಾನು ಎದುರಿಗಿದ್ದರೆ, ಪರವಾಗಿಲ್ಲ ಎಂಬ ಮುಖ ಮಾಡಬೇಕಾದ ಕಷ್ಟ ನಿಮಗೆ. ಹಿಂತಿರುಗುವಾಗ ನಿಮ್ಮೂರಿನ ಅಂಚೆಪೆಟ್ಟಿಗೆಗೇ ಹಾಕಿ ಹೋಗುತ್ತೇನೆ; ನೀವು ಇದನ್ನು ಓದುವ ಹೊತ್ತಿಗೆ ನಾನು ಬಂದು ಹೋಗಿರುತ್ತೇನೆ.

ನಿಮ್ಮ,
ಜನೆಲ್

ಅಂಚೆಗೆ ಹಾಕುವ ದಿನ: ಸೋಮವಾರ, ಮೇ ೧೮.